ನಾಲ್ಕು ಸಾವಿರ ಡಾಲರಿನ ಪಿಸ್ತೂಲು ಕೊಳ್ಳಬೇಕೆ?

ಪ್ರಶ್ನೆ: ಅಮೆರಿಕದಲ್ಲಿ ‘1911’ ಮಾದರಿಯ ಪಿಸ್ತೂಲು ಐನೂರು ಡಾಲರ್‌ಗೂ ಸಿಗುತ್ತದಂತೆ, ನಾಲ್ಕು ಸಾವಿರಕ್ಕೂ ಇದೆಯಂತೆ. ಹಾರುವ ಗುಂಡು ಎರಡರಲ್ಲೂ ಅದೇ. ಅಲ್ಲಿ ನೆಲೆಸಿರುವ ನನ್ನ ತಮ್ಮ ಗುರಿಸ್ಪರ್ಧೆಗೆ ಇಳಿಯುತ್ತೇನೆ, ದುಬಾರಿಯದನ್ನೇ ಕೊಳ್ಳುತ್ತೇನೆ ಎನ್ನುತ್ತಿದ್ದಾನೆ. ಬೆಲೆಗೆ ತಕ್ಕ ಗುಣ ಅದರಲ್ಲಿ ಇದೆಯೇ?

ಉತ್ತರ: ಗುಣ ಖಂಡಿತ ಇದೆ. ಅದು ನಿಮ್ಮ ತಮ್ಮನಿಗೆ ಈಗಲೇ ದಕ್ಕುತ್ತದೆಯೇ ಎಂಬುದನ್ನು ಮಾತ್ರ ಲೆಕ್ಕ ಹಾಕಿ ನೋಡಬೇಕು.

ಜಾನ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು ಅಮೆರಿಕದ ಸೇನೆ ಒಪ್ಪಿಕೊಂಡದ್ದು 1911ರಲ್ಲಿ. 1985ರಲ್ಲಿ ಬೆರೆಟ್ಟಾವನ್ನು ಆರಿಸುವವರೆಗೆ ಅದೇ ಸೇನೆಯ ಮುಖ್ಯ ಪಿಸ್ತೂಲಾಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಲಿಗೆ ಯಂತ್ರದ ಸಿಂಗರ್, ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್ ಕೂಡ ಇದನ್ನು ತಯಾರಿಸಿದವು. ಒಬ್ಬರು ಮಾಡಿದ ನಳಿಗೆ ಇನ್ನೊಬ್ಬರು ಮಾಡಿದ ಪಿಸ್ತೂಲಿಗೆ ಕೂರಬೇಕಿತ್ತು, ಕೆಸರು ಮರಳು ಹೊಕ್ಕರೂ ನಡೆಯಬೇಕಿತ್ತು. ಅದಕ್ಕೇ ಭಾಗಗಳ ನಡುವೆ ತುಸು ಸಡಿಲ ಬಿಟ್ಟರು. ರಣರಂಗದಲ್ಲಿ ಕಾಪಾಡಿದ ಆ ಸಡಿಲವೇ ಗುರಿಸ್ಪರ್ಧೆಯಲ್ಲಿ ಅಡ್ಡಿ. ಪ್ರತಿ ಈಡಿನ ನಂತರ ನಳಿಗೆ ಅದೇ ಜಾಗಕ್ಕೆ ಬಂದು ಕೂರದಿದ್ದರೆ ಗುಂಡುಗಳು ಚದುರುತ್ತವೆ.

ದುಬಾರಿ ಪಿಸ್ತೂಲಿನಲ್ಲಿ ನೀವು ತೆರುವುದು ಬಹುಪಾಲು ಈ ಸಡಿಲ ತೆಗೆಯುವ ಕೂಲಿಯನ್ನು. ಭಾಗಗಳನ್ನು ಅಳತೆಗಿಂತ ಕೊಂಚ ದಪ್ಪಗೆ ಮಾಡಿಕೊಂಡು, ಕುಶಲಕರ್ಮಿ ಅರದಿಂದ ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಿ ಒಂದಕ್ಕೊಂದು ಹೊಂದಿಸುತ್ತಾನೆ. ಕುದುರೆ ನವಿರಾಗಿ, ಪ್ರತಿಸಲವೂ ಒಂದೇ ಹದದಲ್ಲಿ ಬಿಡುವಂತೆ ಒಳಗಿನ ಅಂಚುಗಳನ್ನು ಮಸೆಯುತ್ತಾನೆ. ಆರ್ಕನ್ಸಾದ ಬೆರಿವಿಲ್ ಎಂಬ ಪುಟ್ಟ ಊರಿನ ನೈಟ್‌ಹಾಕ್ ಕಸ್ಟಮ್ ಕಂಪನಿಯಲ್ಲಿ ಒಂದು ಪಿಸ್ತೂಲನ್ನು ಮೊದಲಿನಿಂದ ಕೊನೆವರೆಗೆ ಒಬ್ಬರೇ ಜೋಡಿಸುತ್ತಾರೆ. ಈ ಶ್ರಮ ನಿಜವಾದದ್ದು, ಅದಕ್ಕೆ ಬೆಲೆಯೂ ನ್ಯಾಯವಾದದ್ದು.

ಇನ್ನು ಲೆಕ್ಕ. ಲೆಸ್ ಬೇರ್ ಎಂಬ ತಯಾರಕರು ಹೆಚ್ಚಿನ ಹಣಕ್ಕೆ, 50 ಗಜ ದೂರದಲ್ಲಿ ಗುಂಡುಗಳು ಒಂದೂವರೆ ಅಂಗುಲದೊಳಗೆ ಬೀಳುವ ಭರವಸೆ ಕೊಡುತ್ತ ಬಂದಿದ್ದಾರೆ. ಒಂಟಿಗೈಯಲ್ಲಿ ಹೊಡೆಯುವ ಅಲ್ಲಿನ ಬುಲ್ಸ್‌ಐ ಸ್ಪರ್ಧೆಯಲ್ಲಿ, ಅದೇ ದೂರದ ಹಲಗೆಯ ಹತ್ತು ಅಂಕದ ವೃತ್ತ 3.36 ಅಂಗುಲ ಅಗಲ. ಸಾಧಾರಣ ಪಿಸ್ತೂಲು 5 ಅಂಗುಲಕ್ಕೆ ಚದುರಿಸುತ್ತದೆ ಎಂದಿಟ್ಟುಕೊಳ್ಳೋಣ. ಇದರ ಮೇಲೆ ಕೈಯ ಅಲುಗಾಟದ ಚದುರಿಕೆ ಬೇರೆ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಒಟ್ಟು ಚದುರಿಕೆ ಸರಿಸುಮಾರು ಸಿಗುತ್ತದೆ.

ಹೊಸಬನ ಕೈ 10 ಅಂಗುಲಕ್ಕೆ ಚದುರಿಸಿದರೆ, ಸಾಧಾರಣ ಪಿಸ್ತೂಲಿನಲ್ಲಿ ಒಟ್ಟು 11.2 ಅಂಗುಲ, ದುಬಾರಿಯದರಲ್ಲಿ 10.1. ಅಷ್ಟು ಹಣಕ್ಕೆ ಸಿಕ್ಕಿದ್ದು ಒಂದಂಗುಲದ ಲಾಭ. ಎರಡೂವರೆ ಅಂಗುಲಕ್ಕೆ ಪಳಗಿದ ಕೈಗೆ ಅದೇ ಲೆಕ್ಕ 5.6 ಮತ್ತು 2.9. ಮೊದಲನೆಯದು ಹತ್ತರ ವೃತ್ತದಾಚೆ ಚೆಲ್ಲುತ್ತದೆ, ಎರಡನೆಯದು ಒಳಗೇ ನಿಲ್ಲುತ್ತದೆ. ಅಂಥವನಿಗೆ ಪದಕವನ್ನು ತೀರ್ಮಾನಿಸುವುದು ಪಿಸ್ತೂಲೇ.

ಆದ್ದರಿಂದ ನಿಮ್ಮ ತಮ್ಮ ಸಾಧಾರಣ ಪಿಸ್ತೂಲಿನಿಂದಲೇ ಶುರುಮಾಡಲಿ. ತೋಟಾ ಒಂದಕ್ಕೆ ಅರ್ಧ ಡಾಲರ್ ಹಿಡಿದರೂ, ಉಳಿದ ಮೂರೂವರೆ ಸಾವಿರಕ್ಕೆ ಏಳು ಸಾವಿರ ಈಡಿನ ಅಭ್ಯಾಸವಾಗುತ್ತದೆ. ಅದರಲ್ಲಿ ಒಂದು ಪಾಲು ಒಳ್ಳೆಯ ಗುರುವಿಗೆ ಹೋದರೆ ಇನ್ನೂ ಒಳ್ಳೆಯದು. ಮನೆಯ ರಕ್ಷಣೆಗೆಂದು ಕೊಳ್ಳುವವರಿಗಂತೂ ಕೆಲವೇ ಹೆಜ್ಜೆ ದೂರದಲ್ಲಿ ಈ ಸೂಕ್ಷ್ಮ ಬೇಕಾಗಿಲ್ಲ, ತಪ್ಪದೆ ಸಿಡಿಯುವ ಪಿಸ್ತೂಲು ಸಾಕು. ಕೈಕೆಲಸದ ಮೇಲಿನ ಪ್ರೀತಿಯಿಂದ ಕೊಳ್ಳುವವರು ಕೊಳ್ಳಲಿ, ಅದು ತಪ್ಪಲ್ಲ. ಆದರೆ ಅಂಕ ಏರುತ್ತದೆಂಬ ಆಸೆಯಿಂದ ಕೊಳ್ಳುವುದು ಬೇಡ.

ಮುಂದೆ ಸಂದೇಹ ಬಂದಾಗ ಒಂದು ಪರೀಕ್ಷೆ ಮಾಡಲಿ. ರ‍್ಯಾನ್ಸಮ್ ರೆಸ್ಟ್ ಎಂಬ ಹಿಡಿಕಟ್ಟಿಗೆ ಪಿಸ್ತೂಲು ಬಿಗಿದು ಹೊಡೆದರೆ ಕೈಯ ಪಾತ್ರವಿಲ್ಲದ ಚದುರಿಕೆ ಕಾಣುತ್ತದೆ. ತನ್ನ ಕೈಯಿಂದ ಹೊಡೆದ ಚದುರಿಕೆಯೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ, ಆಗ ಹಿಂದೆಮುಂದೆ ನೋಡದೆ ನಾಲ್ಕು ಸಾವಿರ ಕೊಡಲಿ.