ಓಂಬುಡ್ಸ್‌ಮನ್ ಮತ್ತು ಶ್ರೀಸಾಮಾನ್ಯ

ರಾಜ್ಯಶಾಸ್ತ್ರದ ತರಗತಿಯಲ್ಲಿ ‘ಓಂಬುಡ್ಸ್‌ಮನ್’ ಎಂಬ ಪದವನ್ನು ಮೊದಲು ಕೇಳಿದಾಗ ನನಗೆ ನಮ್ಮ ತಂದೆಯವರ ನೆನಪಾಯಿತು. ಪಹಣಿಯಲ್ಲಿ ತಪ್ಪಾಗಿ ನಮೂದಾಗಿದ್ದ ಹೆಸರೊಂದನ್ನು ತಿದ್ದಿಸಲು ಅವರು ಎರಡು ವರ್ಷ ಒಂದು ಕಚೇರಿಗೆ ಅಲೆದರು. ಓದುಬರಹವಿಲ್ಲದ ಅವರಿಗೆ ದೊರೆತ ಉತ್ತರ ‘ನಾಳೆ ಬಾ’ ಎಂಬುದೊಂದೇ. ಅರ್ಜಿಯನ್ನು ತಿರಸ್ಕರಿಸಿದ್ದರೆ ಮೇಲ್ಮನವಿಯನ್ನಾದರೂ ಸಲ್ಲಿಸಬಹುದಿತ್ತು. ‘ನಾಳೆ’ ಎಂಬುದರ ಮೇಲೆ ಮೇಲ್ಮನವಿ ಎಲ್ಲಿದೆ?

ಈ ಪ್ರಶ್ನೆಗೆ ಸ್ವೀಡನ್ ದೇಶವು ಬಹು ಹಿಂದೆಯೇ ಉತ್ತರ ಹುಡುಕಿತು. ೧೮೦೯ರ ರಾಜ್ಯಾಂಗದ ಮೇರೆಗೆ ಅಲ್ಲಿನ ಸಂಸತ್ತು ತನ್ನ ಪ್ರತಿನಿಧಿಯೊಬ್ಬನನ್ನು ಆರಿಸಿ, ನ್ಯಾಯಾಧೀಶರೂ ಅಧಿಕಾರಿಗಳೂ ಕಾನೂನಿನಂತೆ ನಡೆಯುವರೇ ಎಂದು ನೋಡುವ ಹೊಣೆಯನ್ನು ಅವನಿಗೆ ವಹಿಸಿತು. ಅವನೇ ಓಂಬುಡ್ಸ್‌ಮನ್. ಡೆನ್ಮಾರ್ಕ್ ೧೯೫೫ರಲ್ಲಿ, ನ್ಯೂಜಿಲೆಂಡ್ ೧೯೬೨ರಲ್ಲಿ, ಬ್ರಿಟನ್ ೧೯೬೭ರಲ್ಲಿ ಈ ಪದ್ಧತಿಯನ್ನು ತಮ್ಮ ತಮ್ಮ ರೀತಿಯಲ್ಲಿ ಅಳವಡಿಸಿಕೊಂಡವು. ನಮ್ಮಲ್ಲಿ ಆಡಳಿತ ಸುಧಾರಣಾ ಆಯೋಗವು ೧೯೬೬ರಲ್ಲಿಯೇ ಲೋಕಪಾಲ, ಲೋಕಾಯುಕ್ತರು ಬೇಕೆಂದು ಶಿಫಾರಸು ಮಾಡಿತಾದರೂ ಕೇಂದ್ರದ ಶಾಸನವಾದುದು ೨೦೧೩ರಲ್ಲಿ. ಕರ್ನಾಟಕವು ೧೯೮೪ರಲ್ಲಿಯೇ ಲೋಕಾಯುಕ್ತ ಶಾಸನವನ್ನು ಮಾಡಿತು.

ನ್ಯಾಯಾಲಯಗಳಿರುವಾಗ ಇದೇಕೆಂದು ಕೆಲವರು ಕೇಳಬಹುದು. ನ್ಯಾಯಾಲಯಕ್ಕೆ ಹೋಗಲು ವಕೀಲರು ಬೇಕು, ಹಣ ಬೇಕು. ಲೋಕಾಯುಕ್ತರಿಗಾದರೋ ನಿಗದಿತ ನಮೂನೆಯಲ್ಲಿ, ಅಫಿಡವಿಟ್ಟಿನೊಡನೆ, ಪ್ರಜೆಯೇ ದೂರು ಸಲ್ಲಿಸಬಹುದು. ಕಡತಗಳನ್ನು ತರಿಸಿ ನೋಡುವ ಅಧಿಕಾರ ಅವರಿಗಿದೆ. ಲಂಚದಂತಹ ಆರೋಪವಷ್ಟೇ ಅಲ್ಲ, ಅನುಚಿತ ವಿಳಂಬದಿಂದಾದ ಅನ್ಯಾಯವೂ ದೂರಿಗೆ ವಿಷಯವಾಗುತ್ತದೆ. ‘ನಾಳೆ’ ಎಂಬುದಕ್ಕೂ ಮದ್ದಿದೆ ಎಂದಾಯಿತು.

ಆದರೆ ಈ ಸಂಸ್ಥೆಗೆ ಮಿತಿಯೂ ಉಂಟು. ಲೋಕಾಯುಕ್ತರು ತನಿಖೆ ಮಾಡಿ ಶಿಫಾರಸು ಮಾಡಬಲ್ಲರು. ಕ್ರಮ ಕೈಗೊಳ್ಳಬೇಕಾದುದು ಸರ್ಕಾರವೇ. ಆ ಕ್ರಮ ತೃಪ್ತಿಕರವಲ್ಲದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಸಲ್ಲಿಸಬಹುದು; ಅದು ಶಾಸನಸಭೆಯ ಮುಂದೆ ಬರುತ್ತದೆ. ಹೀಗೆ ಅವರ ನಿಜವಾದ ಬಲವಿರುವುದು ಸತ್ಯವನ್ನು ಬಹಿರಂಗಪಡಿಸುವುದರಲ್ಲಿ. ೨೦೧೧ರಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಹೊರಬಂದಾಗ ಅಂದಿನ ಮುಖ್ಯಮಂತ್ರಿಗಳು ರಾಜೀನಾಮೆ ನೀಡಿದುದು ಇದಕ್ಕೆ ಸಾಕ್ಷಿ. ೨೦೧೬ರಲ್ಲಿ ಸರ್ಕಾರವು ಭ್ರಷ್ಟಾಚಾರದ ಮೊಕದ್ದಮೆಗಳ ತನಿಖೆಯನ್ನು ಲೋಕಾಯುಕ್ತ ಪೊಲೀಸರಿಂದ ತೆಗೆದು ಬೇರೊಂದು ದಳಕ್ಕೆ ಒಪ್ಪಿಸಿತು. ೨೦೨೨ರಲ್ಲಿ ಉಚ್ಚ ನ್ಯಾಯಾಲಯವು ಆ ದಳವನ್ನೇ ರದ್ದುಪಡಿಸಿತು. ಕಾವಲುಗಾರನಿಗೂ ಕಾವಲು ಬೇಕೆಂಬುದನ್ನು ಇದರಿಂದ ತಿಳಿಯಬೇಕು.

ಇದೊಂದೂ ನಮ್ಮ ತಂದೆಯವರಿಗೆ ತಿಳಿದಿರಲಿಲ್ಲ; ಪುಸ್ತಕ ಹಿಡಿದು ಓದುತ್ತಿದ್ದ ನನಗೂ ತಿಳಿದಿರಲಿಲ್ಲ. ಅರಿಯದವನ ಪಾಲಿಗೆ ಶಾಸನವು ಇದ್ದೂ ಇಲ್ಲದಂತೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನಂತಹವರು ಈ ಕಾಲೇಜಿನಲ್ಲಿ ಅನೇಕರಿದ್ದೇವೆ. ರಜೆಯಲ್ಲಿ ಊರಿಗೆ ಹೋದಾಗ, ಹತ್ತು ಮಂದಿಯ ಅರ್ಜಿಗಳನ್ನು ಓದಿ, ಅವು ಎಲ್ಲಿ ನಿಂತಿವೆಯೆಂದು ವಿಚಾರಿಸಿದರೆ, ಪದವಿಗಾಗಿ ಮಾಡಿದ ಸಾಲದಲ್ಲಿ ಸ್ವಲ್ಪವಾದರೂ ತೀರೀತು.