ಲಾಡ್ಜಿಗಿಂತ ಮೊದಲು ನೀರು ನೋಡು

ಮಗೂ, ಅರ್ಕನ್ಸಾದ ಸ್ಟಟ್‌ಗಾರ್ಟ್ ಹತ್ತಿರ ಲಾಡ್ಜ್ ಸಮೇತ ಬಾತು ಬೇಟೆಯ ಜಮೀನು ಮಾರಾಟಕ್ಕಿದೆ, ಕೊಳ್ಳುವ ಮನಸ್ಸಾಗಿದೆ ಅಂದೆ. ಸೀಮೆಯ ಬಗ್ಗೆ ನನ್ನ ತಕರಾರಿಲ್ಲ. ಗ್ರ್ಯಾಂಡ್ ಪ್ರೇರಿ ಅಪ್ಪಟ ಭತ್ತದ ಬಯಲು. ಉತ್ತರದಿಂದ ಮಿಸಿಸಿಪ್ಪಿಯ ಗುಂಟ ಇಳಿದುಬರುವ ಮಲಾರ್ಡ್ ಬಾತುಗಳು ಚಳಿಗಾಲ ಕಳೆಯುವುದು ಅಲ್ಲೇ. ಬಾತಿನ ಹಾಗೆ ಕೂಗುವ ಸ್ಪರ್ಧೆಯನ್ನು ಆ ಊರಿನವರು 1936ರಿಂದ ನಡೆಸಿಕೊಂಡು ಬಂದಿದ್ದಾರೆ. ಆದರೆ ನೀನು ಫೋನಿನಲ್ಲಿ ಮಾತಾಡಿದಷ್ಟು ಹೊತ್ತೂ ಲಾಡ್ಜಿನ ಮರದ ಗೋಡೆ, ಬೆಂಕಿಗೂಡು, ಎಷ್ಟು ಜನ ಮಲಗಬಹುದು ಅನ್ನುವುದೇ ಬಂತು. ನೀರಿನ ಮಾತು ಒಮ್ಮೆಯೂ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಜಮೀನಿಗೆ ಬೆಲೆ ಬಂದಿರುವುದೇ ನೀರಿನಿಂದ. ನಮ್ಮ ಕಡೆಯ ಕೆರೆಗಳಂತೆ ಅಲ್ಲೂ ಏರಿ, ತೂಬು, ಕೋಡಿ ಎಲ್ಲ ಇರುತ್ತವೆ. ನೀರು ಎಲ್ಲಿಂದ ಬರುತ್ತದೆ, ಬಾವಿಯಿಂದಲೋ ಹಳ್ಳದಿಂದಲೋ ಕಟ್ಟಿಕೊಂಡ ಹೊಂಡದಿಂದಲೋ, ಅದನ್ನು ಮೊದಲು ಕೇಳು. ತಲೆಮಾರುಗಳಿಂದ ಭತ್ತಕ್ಕೆ ನೀರೆತ್ತಿ ಎತ್ತಿ ಅಲ್ಲಿನ ಅಂತರ್ಜಲ ಬಹಳ ಕೆಳಗಿಳಿದಿದೆ. ಬಾವಿಯೊಂದನ್ನೇ ನಂಬಿದ ಜಮೀನಾದರೆ ಪಂಪು ಎಷ್ಟು ಆಳದಿಂದ ಎತ್ತುತ್ತಿದೆ, ಡೀಸೆಲ್ಲಿಗೆ ವರ್ಷಕ್ಕೆ ಎಷ್ಟು ಹೋಗುತ್ತದೆ ಅನ್ನುವ ಲೆಕ್ಕ ತರಿಸಿ ನೋಡು. ನೀರು ಬಿಡುವಾಗ ಅದು ಯಾರ ಗದ್ದೆಯ ಮೇಲೆ ಹಾದುಹೋಗುತ್ತದೆ, ಅದಕ್ಕೆ ಬರಹದಲ್ಲಿ ಒಪ್ಪಿಗೆ ಇದೆಯೇ? ಬಾಯಿಮಾತಿನ ಒಪ್ಪಿಗೆ ಹಳೆಯ ಮಾಲೀಕನ ಜೊತೆಗೇ ಹೋಗಿಬಿಡುತ್ತದೆ. ಬೀವರುಗಳು ಕಾಲುವೆಗೆ ಕಟ್ಟೆ ಕಟ್ಟಿದರೆ ಬಿಡಿಸುವವರು ಯಾರು ಅನ್ನುವುದನ್ನೂ ಕೇಳಿಕೋ.

ಇನ್ನು ಮರ. ನಿನಗೆ ತೋರಿಸಿದ್ದು ನೀರು ನಿಲ್ಲಿಸಿದ ಓಕ್ ಕಾಡು, ಅಲ್ಲವೇ? ನಟ್ಟಾಲ್ ಓಕ್, ವಿಲ್ಲೋ ಓಕ್ ಮರಗಳು ಉದುರಿಸುವ ಕಾಯಿಗೆ ಬಾತುಗಳು ಮುಗಿಬೀಳುತ್ತವೆ. ಈ ಮರಗಳು ಚಳಿಗಾಲದ ನಿದ್ದೆಯಲ್ಲಿದ್ದಾಗ ಮಾತ್ರ ಬುಡದಲ್ಲಿ ನಿಂತ ನೀರನ್ನು ತಾಳಿಕೊಳ್ಳುತ್ತವೆ. ಬೇಟೆಯ ಆಸೆಗೆ ಶರತ್ಕಾಲದಲ್ಲೇ ನೀರು ತುಂಬಿ, ವಸಂತ ಬಂದರೂ ಬಿಡದೆ, ವರ್ಷವರ್ಷವೂ ಹಾಗೇ ಮಾಡಿದರೆ ಒಳಗೊಳಗೇ ಸಾಯುತ್ತವೆ. ರಾಜ್ಯದ ಬೇಟೆ ಮತ್ತು ಮೀನುಗಾರಿಕೆ ಆಯೋಗದ ಸಾರ್ವಜನಿಕ ಕಾಡುಗಳಲ್ಲೇ ಹೀಗಾಗಿ, ನೀರು ನಿಲ್ಲಿಸುವ ಪದ್ಧತಿಯನ್ನೇ ಅವರು ಬದಲಾಯಿಸಬೇಕಾಗಿ ಬಂದಿದೆ. ಜನವರಿಯಲ್ಲಿ ಎಲ್ಲ ಮರವೂ ಬೋಳು. ಸತ್ತದ್ದು ಯಾವುದು, ಬದುಕಿದ್ದು ಯಾವುದು ಗೊತ್ತಾಗದು. ಜುಲೈನಲ್ಲಿ ಹೋಗು. ತುದಿಕೊಂಬೆಗಳು ಒಣಗಿವೆಯೇ, ಬುಡ ಊದಿಕೊಂಡಿದೆಯೇ, ನೆಲದಲ್ಲಿ ಎಳೆಯ ಓಕ್ ಸಸಿಗಳಿವೆಯೇ ನೋಡು. ಸಸಿಯೇ ಇಲ್ಲದ ಕಾಡು ಒಂದು ತಲೆಮಾರಿಗೆ ಮುಗಿಯುತ್ತದೆ. ಒಬ್ಬ ಅರಣ್ಯ ತಜ್ಞನಿಗೆ ಹಣ ಕೊಟ್ಟು ಕರೆದುಕೊಂಡು ಹೋದರೂ ನಷ್ಟವಿಲ್ಲ.

ಒಂದು ಬೆಳಿಗ್ಗೆಯ ಭರ್ಜರಿ ಬೇಟೆಗೂ ಮರುಳಾಗಬೇಡ. ಉತ್ತರದಲ್ಲಿ ಚಳಿ ಬಿಗಿಯಾದರೆ ಬಾತು ಕೆಳಗಿಳಿಯುತ್ತವೆ, ಇಲ್ಲದಿದ್ದರೆ ಮಿಸ್ಸೂರಿಯಲ್ಲೇ ನಿಲ್ಲುತ್ತವೆ. ಹಿಂದಿನ ಹಂಗಾಮುಗಳ ದಿನಚರಿ ಕೇಳು. ಬೇಟೆಯ ಲಾಡ್ಜುಗಳಲ್ಲಿ ಸಾಮಾನ್ಯವಾಗಿ ಬರೆದಿಟ್ಟಿರುತ್ತಾರೆ.

ಕಾಗದಪತ್ರದ ವಿಷಯದಲ್ಲಿ ನನಗೆ ಹೆಚ್ಚು ಭಯ. ಅಲ್ಲಿನ ಎಷ್ಟೋ ತಗ್ಗು ಜಮೀನುಗಳು 1990ರ ಕೃಷಿ ಕಾಯ್ದೆಯಲ್ಲಿ ಬಂದ ಜೌಗುಭೂಮಿ ಯೋಜನೆಗೆ ಸೇರಿವೆ. ಹಿಂದಿನ ಮಾಲೀಕ ಸರ್ಕಾರದಿಂದ ಹಣ ಪಡೆದು ಶಾಶ್ವತ ಕರಾರು ಬರೆದುಕೊಟ್ಟಿರುತ್ತಾನೆ, ಅದು ಜಮೀನಿನ ಜೊತೆಗೇ ನಿನಗೂ ಬರುತ್ತದೆ. ಬೇಟೆಗೆ ಅಡ್ಡಿಯಿಲ್ಲ, ಆದರೆ ಆ ಭಾಗದಲ್ಲಿ ಮನೆ ಕಟ್ಟುವ ಹಾಗಿಲ್ಲ, ಮನಸ್ಸಿಗೆ ಬಂದಂತೆ ಅಗೆಯುವ ಹಾಗಿಲ್ಲ. ಚಕ್ಕುಬಂದಿ ಹೊಸದಾಗಿ ಅಳೆಸು. ದಾರಿಯ ಹಕ್ಕು, ಖನಿಜದ ಹಕ್ಕು, ಮರದ ಹಕ್ಕು ಯಾರ ಹೆಸರಲ್ಲಿವೆ, ಗುತ್ತಿಗೆದಾರರು ಯಾರಿದ್ದಾರೆ, ಎಲ್ಲವನ್ನೂ ವಕೀಲರ ಕೈಲಿ ತೆಗೆಸು.

ನಿನಗಿನ್ನೂ ಗ್ರೀನ್ ಕಾರ್ಡ್ ಬಂದಿಲ್ಲ ಅನ್ನುವುದನ್ನು ಮರೆಯಬೇಡ. ಎಚ್-1ಬಿಯಲ್ಲಿರುವವನು ಕೃಷಿಭೂಮಿ ಕೊಂಡರೆ 1978ರ ಕಾಯ್ದೆಯ ಪ್ರಕಾರ 90 ದಿನದೊಳಗೆ ಕೃಷಿ ಇಲಾಖೆಗೆ ವರದಿ ಕೊಡಬೇಕು. ಕೊಡದಿದ್ದರೆ ದಂಡ ಜಮೀನಿನ ಬೆಲೆಯ ಶೇ. 25ರವರೆಗೂ ಹೋಗಬಹುದು. ಅರ್ಕನ್ಸಾ ರಾಜ್ಯ 2023ರಲ್ಲಿ ವಿದೇಶಿ ಒಡೆತನದ ಮೇಲೆ ತನ್ನದೇ ಕಾಯ್ದೆಯನ್ನೂ ತಂದಿದೆ, ಅದನ್ನೂ ವಕೀಲರ ಹತ್ತಿರ ಕೇಳು. ಬಂದೂಕಿನ ಮಾತು ಇನ್ನೂ ಸೂಕ್ಷ್ಮ. ನಿನ್ನ ವೀಸಾದವರು ಬಂದೂಕು ಇಟ್ಟುಕೊಳ್ಳಬಹುದಾದದ್ದು ಮುಖ್ಯವಾಗಿ ಬೇಟೆ ಲೈಸೆನ್ಸಿನ ಬಲದ ಮೇಲೆ. ಅದರ ಅವಧಿ ಮುಗಿದ ಮೇಲೂ ಲಾಡ್ಜಿನ ಬೀರುವಿನಲ್ಲಿ ನಿನ್ನ ಬಂದೂಕು ಇದ್ದರೆ ಅದು ಕೇಂದ್ರ ಕಾನೂನಿನ ಅಪರಾಧವಾಗಬಹುದು. ಈ ಒಂದು ತಪ್ಪಿಗೆ ನಿನ್ನ ಇಷ್ಟು ವರ್ಷದ ದುಡಿಮೆಯೇ ಕೊಚ್ಚಿಹೋದೀತು.

ಜಮೀನಿಗೆ ಒಡೆಯನಾದ ಮೇಲೆ ಅಲ್ಲಿ ನಡೆಯುವುದಕ್ಕೆಲ್ಲ ನೀನೇ ಹೊಣೆ. ಕೊಯ್ಲಿನಲ್ಲಿ ಸಹಜವಾಗಿ ಉದುರಿದ ಭತ್ತದ ಮೇಲೆ ನೀರು ನಿಲ್ಲಿಸಬಹುದು. ಆದರೆ ಬಾತಿಗೆಂದು ಕಾಳು ಚೆಲ್ಲಿದರೆ, ಕೊಯ್ಯದ ಪೈರನ್ನು ಸವರಿ ಕೆಡವಿದರೆ ಅದು ಆಮಿಷ ಒಡ್ಡಿದಂತೆ. ಕಾಳನ್ನೆಲ್ಲ ತೆಗೆದ ಮೇಲೂ 10 ದಿನ ಅಲ್ಲಿ ಬೇಟೆಯಾಡುವಂತಿಲ್ಲ. ಗೊತ್ತಿರಲಿಲ್ಲ ಅಂದರೆ ಸಾಲದು, ಗೊತ್ತಿರಬೇಕಿತ್ತು ಅನ್ನುತ್ತದೆ ಕಾನೂನು. ಬಾತು ಬೇಟೆಗೆ ಸೀಸದ ಗುಂಡು 1991ರಿಂದ ಅಮೆರಿಕದಲ್ಲೆಲ್ಲ ನಿಷಿದ್ಧ.

ನಮ್ಮ ದೇಶದಲ್ಲಿ 1972ರ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. ಹಾಗಾಗಿ ಮನೆಯ ಹಿರಿಯರಿಗೆ ನಿನ್ನ ಹವ್ಯಾಸ ಒಗ್ಗದೆ ಇರಬಹುದು. ಅವರಿಗೆ ಇದನ್ನು ಹೇಳು: ಅಮೆರಿಕದಲ್ಲಿ ಬಾತು ಬೇಟೆಗಾರರು 1934ರಿಂದ ಕೊಳ್ಳುತ್ತಿರುವ ಕೇಂದ್ರದ ಸ್ಟಾಂಪಿನ ಹಣದಲ್ಲಿ ಬಹುಪಾಲು ಜೌಗುಭೂಮಿ ಉಳಿಸಲು ಹೋಗುತ್ತದೆ. ಈಗ ಅದರ ಬೆಲೆ 25 ಡಾಲರ್. ನೀನೂ ಜೌಗು ಕಾಯುವ ಒಡೆಯನಾಗು, ನನಗೆ ಅದೇ ಹೆಮ್ಮೆ.

ಲಾಡ್ಜನ್ನು ಕೊನೆಗೆ ನೋಡು. ಪ್ರವಾಹದ ನಕ್ಷೆಯಲ್ಲಿ ಅದು ಎಲ್ಲಿದೆ, ವಿಮೆ ಎಷ್ಟು, ಶೌಚದ ಗುಂಡಿ ಕೆಲಸ ಮಾಡುತ್ತಿದೆಯೇ, ಇಷ್ಟು ಸಾಕು. ಹಂಗಾಮು 60 ದಿನ. ತೆರಿಗೆ, ವಿಮೆ, ಏರಿಯ ರಿಪೇರಿ ವರ್ಷವಿಡೀ. ಮಾರುವವರು ಅವಸರ ಮಾಡಿಯಾರು, ಮಾಡಲಿ. ಜುಲೈನಲ್ಲಿ ಕಾಡಿನೊಳಗೆ ನಡೆದು ನೋಡಿ, ವಕೀಲರ ಪತ್ರ ಕೈಗೆ ಬರುವ ತನಕ ಮುಂಗಡ ಕೊಡಬೇಡ, ಸಹಿಯನ್ನೂ ಹಾಕಬೇಡ.