ದೇವರಿಗೆ ದೇಹವಿಲ್ಲವೆಂದರೆ ನಾನು ಪ್ರಾರ್ಥಿಸಿದ್ದು ಯಾರಿಗೆ?

ಪ್ರಶ್ನೆ: ನಾನು ನಮ್ಮ ಚರ್ಚಿನಲ್ಲಿ ಸಂಡೇಸ್ಕೂಲ್ ಟೀಚರ್. ಹೋದ ತಿಂಗಳು ಪುಟ್ಟ ಹುಡುಗಿಯೊಬ್ಬಳು, ‘ಟೀಚರ್, ದೇವರಿಗೆ ಕೈಕಾಲು ಇದೆಯಾ?’ ಅಂತ ಕೇಳಿದಳು. ಪಾಸ್ಟರನ್ನು ವಿಚಾರಿಸಿದೆ. ದೇವರು ಆತ್ಮಸ್ವರೂಪನು, ಆತನಿಗೆ ದೇಹವಿಲ್ಲ ಎಂದರು. ಅಂದಿನಿಂದ ಪ್ರಾರ್ಥನೆಗೆ ಕೂತರೆ ಎದುರಿಗೆ ಯಾರೂ ಇಲ್ಲ ಅನ್ನಿಸುತ್ತದೆ. ಚಿಕ್ಕಂದಿನಿಂದ ನನ್ನ ಮನಸ್ಸಿನಲ್ಲಿದ್ದವನು ಬಿಳಿ ಗಡ್ಡದ ತಂದೆ. ಕಷ್ಟ ಬಂದಾಗಲೆಲ್ಲ ಅವನ ಮುಂದೆಯೇ ಅತ್ತಿದ್ದೇನೆ. ಅದೆಲ್ಲ ಸುಳ್ಳೇ? ಅಮೆರಿಕದಲ್ಲಿರುವ ತಮ್ಮ ಬೇರೆ, ಅವನ ಮಾರ್ಮನ್ ಗೆಳೆಯ ತಂದೆ ದೇವರಿಗೂ ದೇಹವಿದೆ ಅನ್ನುತ್ತಾನಂತೆ ಎಂದು ಗೊಂದಲ ಹೆಚ್ಚಿಸಿದ್ದಾನೆ.
– ಒಬ್ಬ ಓದುಗಿ, ಉಡುಪಿ

ಉತ್ತರ: ಸೋದರಿ, ನೀವು ಮಾಡಿದ ಪ್ರಾರ್ಥನೆ ಯಾವುದೂ ದಾರಿ ತಪ್ಪಿಲ್ಲ. ಕೇಳಿಸಿಕೊಳ್ಳುವವನು ನಿಮ್ಮ ಮನಸ್ಸಿನ ಚಿತ್ರವನ್ನು ನೋಡಿ ಕಿವಿಗೊಡುವವನಲ್ಲ.

ನಿಮ್ಮ ಪಾಸ್ಟರ್ ಹೇಳಿದ್ದು ಸರಿ. ಕ್ಯಾಥೊಲಿಕ್, ಆರ್ಥಡಾಕ್ಸ್, ಪ್ರೊಟೆಸ್ಟಂಟ್ ಸಭೆಗಳು ಬೇರೆ ವಿಷಯಗಳಲ್ಲಿ ಎಷ್ಟೇ ಜಗಳವಾಡಿದರೂ ಇದರಲ್ಲಿ ಒಂದೇ ಮಾತು. ದೇವರು ಆತ್ಮನೆಂದು ಸಮಾರ್ಯದ ಸ್ತ್ರೀಗೆ ಬಾವಿಯ ಬಳಿ ಹೇಳಿದವನು ಸ್ವತಃ ಯೇಸು. ಹೋರೇಬ್ ಬೆಟ್ಟದ ಬಳಿ ಜನರಿಗೆ ಧ್ವನಿ ಕೇಳಿಸಿತೇ ಹೊರತು ಯಾವ ಆಕಾರವೂ ಕಾಣಲಿಲ್ಲವೆಂದು ಧರ್ಮೋಪದೇಶಕಾಂಡದಲ್ಲಿ ಮೋಶೆ ನೆನಪಿಸುತ್ತಾನೆ. ಹಾಗಾದರೆ ಸತ್ಯವೇದದಲ್ಲಿ ಬರುವ ದೇವರ ಕೈ, ದೇವರ ಬೆರಳು? 91ನೇ ಕೀರ್ತನೆಯಲ್ಲಿ ದೇವರಿಗೆ ರೆಕ್ಕೆಗಳೂ ಇವೆ. ಆತನಿಗೆ ಪುಕ್ಕಗಳಿವೆ ಎಂದು ನಾವ್ಯಾರೂ ತಿಳಿಯುವುದಿಲ್ಲ, ಆಸರೆ ಎಂದು ತಿಳಿಯುತ್ತೇವೆ. ಕೈಯೂ ಹಾಗೆಯೇ. ದೇಹವಿದ್ದವನು ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರಲಾರ. ಉಡುಪಿಯಲ್ಲಿ ನಿಮ್ಮ ಮಾತನ್ನೂ ಅಮೆರಿಕದಲ್ಲಿ ನಿಮ್ಮ ತಮ್ಮನ ಮಾತನ್ನೂ ಆತ ಒಟ್ಟಿಗೇ ಕೇಳುತ್ತಾನೆಂದು ನಂಬುವುದು ಇದರಿಂದಲೇ.

ಆದರೆ ತಲೆ ಒಪ್ಪಿದ್ದನ್ನು ಎದೆ ಒಪ್ಪಬೇಕಲ್ಲ? ಕ್ರಿ.ಶ. 399ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಥಿಯೋಫಿಲಸ್, ದೇವರಿಗೆ ಮನುಷ್ಯಾಕಾರವಿಲ್ಲವೆಂದು ಪತ್ರ ಕಳಿಸಿದಾಗ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳಲ್ಲಿ ದೊಡ್ಡ ಗಲಿಬಿಲಿಯಾಯಿತು. ಸೆರಾಪಿಯೋನ್ ಎಂಬ ವೃದ್ಧ ತಪಸ್ವಿ ವಾದಕ್ಕೆ ತಲೆಬಾಗಿ ಒಪ್ಪಿಕೊಂಡ. ಎಲ್ಲರೂ ಪ್ರಾರ್ಥನೆಗೆ ಎದ್ದಾಗ ಮಾತ್ರ, ನನ್ನ ದೇವರನ್ನು ಕಿತ್ತುಕೊಂಡರಲ್ಲ ಎಂದು ನೆಲಕ್ಕೆ ಬಿದ್ದು ಅತ್ತ. ಆ ಕಾಲದ ಸನ್ಯಾಸಿ ಜಾನ್ ಕಾಸಿಯನ್ ಇದನ್ನು ಬರೆದಿಟ್ಟಿದ್ದಾನೆ. ಆ ವೃದ್ಧನ ಭಕ್ತಿ ಸುಳ್ಳಾಗಿರಲಿಲ್ಲ, ನಿಮ್ಮದೂ ಅಲ್ಲ.

ಇಷ್ಟಕ್ಕೇ ನಿಂತರೆ ಕ್ರೈಸ್ತ ನಂಬಿಕೆಯ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ದೇಹವಿಲ್ಲದ ದೇವರು ಮಗನಲ್ಲಿ ದೇಹ ತೊಟ್ಟ. ಯೇಸು ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯನೂ ಹೌದು ಎಂದು 451ರ ಕಾಲ್ಸಿಡನ್ ಮಹಾಸಭೆ ಸಾರಿತು. ಪುನರುತ್ಥಾನದ ಮೇಲೂ ಆತ ಆ ದೇಹವನ್ನು ಕಳಚಿಡಲಿಲ್ಲ. ಶಿಷ್ಯರೆದುರು ಮೀನು ತಿಂದ, ತೋಮನಿಗೆ ಗಾಯದ ಗುರುತು ತೋರಿಸಿದ. ತಂದೆಯನ್ನು ತೋರಿಸು ಎಂದು ಫಿಲಿಪ್ಪ ಕೇಳಿದಾಗ, ನನ್ನನ್ನು ನೋಡಿದವನು ತಂದೆಯನ್ನು ನೋಡಿದ ಹಾಗೆಯೇ ಎಂದ. ನಿಮಗೆ ಮುಖ ಬೇಕೆನ್ನಿಸಿದಾಗ ನೋಡಬೇಕಾದದ್ದು ಆ ಕಡೆಗೆ.

ನಿಮ್ಮ ತಮ್ಮನ ಗೆಳೆಯ ಹೇಳಿದ್ದು ಅವರ ಸಭೆಯ ಬೋಧನೆಯೇ. ತಂದೆಗೂ ಮಾಂಸ, ಮೂಳೆಗಳ ದೇಹವಿದೆಯೆಂದು ಆ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ 1843ರಲ್ಲಿ ಬೋಧಿಸಿದ. ಉಳಿದ ಸಭೆಗಳು ಅದನ್ನು ಒಪ್ಪುವುದಿಲ್ಲ. ಅದಕ್ಕಾಗಿ ಫೋನಿನಲ್ಲಿ ತಮ್ಮನೊಂದಿಗೆ ವಾದಕ್ಕಿಳಿಯಬೇಡಿ.

ಆ ಹುಡುಗಿಗೆ ಹೀಗೆ ಹೇಳಿ: ‘ತಂದೆ ದೇವರಿಗೆ ನಮ್ಮ ಹಾಗೆ ಕೈಕಾಲಿಲ್ಲ ಪುಟ್ಟಿ. ಆದರೆ ಆತನ ಮಗ ಯೇಸು ನಮ್ಮ ಹಾಗೇ ಹುಟ್ಟಿದ, ಹಸಿದ, ನಡೆದು ದಣಿದ, ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ.’

ಇನ್ನು ನಿಮ್ಮ ಬಿಳಿ ಗಡ್ಡದ ತಂದೆ. ಬಿಳಿಗೂದಲ ವೃದ್ಧ ದಾನಿಯೇಲನ ದರ್ಶನದಲ್ಲಿ ಇದ್ದಾನೆ, 1512ರಲ್ಲಿ ಮೈಕೆಲ್ಯಾಂಜೆಲೊ ಮುಗಿಸಿದ ಸಿಸ್ಟೀನ್ ಚಾಪೆಲ್‌ನ ಚಾವಣಿಯಲ್ಲೂ ಗಡ್ಡದ ದೇವರಿದ್ದಾನೆ. ಪ್ರಾರ್ಥನೆಯ ನಡುವೆ ಆ ಚಿತ್ರ ಬಂದರೆ ಓಡಿಸಬೇಡಿ, ಅದು ಪಾಪವಲ್ಲ. ದೇವರು ಅಷ್ಟೇ ಎಂದುಕೊಳ್ಳದಿದ್ದರೆ ಸಾಕು. ಕೆಲವು ದಿನ ಸುವಾರ್ತೆಯ ಒಂದೊಂದು ಪ್ರಸಂಗ ಓದಿಕೊಂಡು ಪ್ರಾರ್ಥನೆಗೆ ಕೂತು ನೋಡಿ. ಆಮೇಲೂ ಯಾರೂ ಇಲ್ಲವೆನ್ನಿಸಿದರೆ ಪಾಸ್ಟರ್ ಬಳಿ ಮತ್ತೆ ಹೋಗಿ. ಮೊದಲ ಸಲ ಮಗುವಿನ ಪ್ರಶ್ನೆಯನ್ನಷ್ಟೇ ಕೇಳಿದ್ದಿರಿ, ಈ ಸಲ ನಿಮ್ಮ ಸಂಕಟ ಹೇಳಿಕೊಳ್ಳಿ.